ಇಗ್ಡಬಾಟಿಸ್ ಹಲ್ಲಿನ ಗೀರುಗಳು

ಮೊದಲು ಖರ್ಚು ಹೇಳಿಬಿಡುತ್ತೇನೆ. ಹದಿನೆಂಟು ಸಾವಿರಕ್ಕೆ ಒಪ್ಪಿಕೊಂಡ ಕೆಲಸ ಅದು. ಮುಗಿಯುವಷ್ಟರಲ್ಲಿ ನನ್ನ ಕೈಯಿಂದಲೇ ಒಂಬತ್ತು ಸಾವಿರ ಹೋಗಿತ್ತು. ಐದು ದಿನ ಹೆಚ್ಚಿಗೆ ಕೂತಿದ್ದೆ. ಬಣ್ಣ ಹೊಡೆದು ಒಪ್ಪಿಸಿಬಂದ ಮಾದರಿಯನ್ನು ವಾಪಸ್ ತಂದು ನಾನೇ ಗರಗಸ ಹಾಕಿ ಕೊಯ್ದಿದ್ದೆ. ಕಾರಣ ಕೇಳಿದರೆ ನಗುತ್ತೀರಿ. ಕಡಲೆಬೇಳೆಗಿಂತ ತುಸು ದೊಡ್ಡದಾದ ಒಂದು ಹಲ್ಲಿನ ಬುಡದಲ್ಲಿ ಬಾಚಣಿಗೆ ಎಳೆದಂತೆ ಸಾಲಾಗಿ ಗೀರುಗಳಿದ್ದವು. ಆ ಗೀರುಗಳಿಗೆ ನಾನು ಮೇಣ ತುಂಬಿದ್ದೆ.

ಹಲ್ಲು ಇಗ್ಡಬಾಟಿಸ್ ಎಂಬ ಮೀನಿನದು. ಆ ಮೀನು ಈಗ ಎಲ್ಲೂ ಇಲ್ಲ. ಡೈನೋಸಾರ್‌ಗಳ ಕೊನೆಗಾಲದಲ್ಲಿ, ಅಂದರೆ ಆರೂವರೆ ಕೋಟಿ ವರ್ಷದ ಹಿಂದೆ, ದಖನ್ ಸೀಮೆಯಲ್ಲಿ ಭೂಮಿ ಬಿರಿದು ಕರಗಿದ ಕಲ್ಲು ಹರಿಯುತ್ತಿದ್ದಾಗ, ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ನಿಂತ ನೀರಿನಲ್ಲಿ ಈಜಾಡಿಕೊಂಡಿತ್ತು. ನಮ್ಮ ಕರಾವಳಿಯವರು ತೊರಕೆ ಎನ್ನುತ್ತಾರಲ್ಲ, ಮೊರದ ಹಾಗೆ ಚಪ್ಪಟೆಯಾದ ಮೀನು, ಅದರ ಹಳೆಯ ಬಳಗ. ಮೈಯಲ್ಲಿ ಗಟ್ಟಿ ಎಲುಬಿಲ್ಲ. ಇರುವುದೆಲ್ಲ ನಮ್ಮ ಹೊರಕಿವಿಯಲ್ಲಿರುವಂಥ ಮೃದ್ವಸ್ಥಿ. ಅದು ಮಣ್ಣಲ್ಲಿ ಕೊಳೆತು ಹೋಗುತ್ತದೆ, ಹಲ್ಲು ಮಾತ್ರ ಕಲ್ಲಾಗಿ ಉಳಿಯುತ್ತದೆ. ಹಾಗಾಗಿ ಆ ಮೀನಿನ ಗುರುತೆಲ್ಲ ಹಲ್ಲಿನಲ್ಲೇ ಇದೆ. ಹಲ್ಲಿನ ಗುರುತು ಅಳಿಸಿದರೆ ಮೀನನ್ನೇ ಅಳಿಸಿದಂತೆ. ಇದು ನನಗೆ ಗೊತ್ತಾದದ್ದು ಅಳಿಸಿದ ಮೇಲೆ.

ನಾನು ಹರಿಹರದವನು, ಹೆಸರು ದಾದಾಪೀರ್. ಶಾಲೆ ಏಳನೇ ಇಯತ್ತೆಗೆ ಬಿಟ್ಟೆ. ಒಂದು ಫೌಂಡ್ರಿಯ ಪ್ಯಾಟರ್ನ್ ವಿಭಾಗದಲ್ಲಿ ಕಸ ಗುಡಿಸಲು ಸೇರಿ, ಅಲ್ಲೇ ಮರದ ಕೆಲಸ ಕಲಿತು, ಅಲ್ಲೇ ನಿವೃತ್ತನಾದೆ. ಪ್ಯಾಟರ್ನ್ ಎಂದರೆ ಎರಕಕ್ಕೆ ಬೇಕಾದ ಮರದ ಅಚ್ಚು. ಅದನ್ನು ಮರಳಿನಲ್ಲಿ ಒತ್ತಿ ಮೇಲಕ್ಕೆತ್ತಿದರೆ ಅದರ ಆಕಾರದ ಗುಂಡಿ ಉಳಿಯುತ್ತದೆ. ಗುಂಡಿಗೆ ಕರಗಿದ ಕಬ್ಬಿಣ ಹೊಯ್ದರೆ ವಸ್ತು ಸಿದ್ಧ. ಎತ್ತುವಾಗ ಒಂದು ಚೂರು ಮರಳು ಕುಸಿದರೂ ಎರಕ ಕೆಟ್ಟಂತೆಯೇ.

ನನಗೆ ಕೆಲಸ ಕಲಿಸಿದವರು ನಾಗಪ್ಪಾಚಾರ್ರು. ಅಚ್ಚು ಮುಗಿಸಿ ಅವರ ಮುಂದಿಟ್ಟರೆ ಕನ್ನಡಕ ಹಾಕುತ್ತಿರಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳ ಉಗುರನ್ನು ಅಂಚಿನುದ್ದಕ್ಕೂ ಎಳೆಯುತ್ತಿದ್ದರು. ಎಲ್ಲಾದರೂ ಉಗುರು ತಡೆಯಿತೋ, ಕೆನ್ನೆಗೆ ಒಂದು ಬೀಳುತ್ತಿತ್ತು.

"ಉಗುರು ಸಿಕ್ಕೊಂಡ ಕಡೆ ಮರಳು ಸಿಕ್ಕೊಳ್ತೈತಲೇ. ಮೇಣ ತುಂಬು."

ಮೇಣ ಎಂದರೆ ಜೇನುಮೇಣಕ್ಕೆ ರಾಳ, ಮಸಿ ಹಾಕಿ ಕಾಯಿಸಿದ ಕಪ್ಪುಗಂದು ಉಂಡೆ. ಅದು ಸದಾ ನಮ್ಮ ಅಂಗಿ ಜೇಬಿನಲ್ಲಿರುತ್ತಿತ್ತು. ಬೆರಳಿನ ಬಿಸಿಗೆ ಮೆತ್ತಗಾಗುತ್ತದೆ. ಸೀಳು, ಗೀರು, ಒಳಮೂಲೆ ಕಂಡಲ್ಲೆಲ್ಲ ಒತ್ತಿ ಸವರುವುದು. ಆಚಾರ್ರ ಪೆಟ್ಟು ಎಷ್ಟು ಬಿದ್ದವೆಂದರೆ ಎರಡು ವರ್ಷದಲ್ಲಿ ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಕೆಲಸ ಮಾಡತೊಡಗಿತು. ಮನೆಯಲ್ಲಿ ಊಟದ ಮಣೆಯ ಸೀಳಿಗೂ ಮೇಣ ತುಂಬಿ ಬೈಸಿಕೊಂಡಿದ್ದೇನೆ.

ಫೌಂಡ್ರಿಯಲ್ಲಿ ಇರುವಾಗಲೇ ಹೊರಗಿನ ಕೆಲಸ ಹಿಡಿದೆ. ಭಾನುವಳ್ಳಿಯ ಶಾಲೆಗೆ ಮನುಷ್ಯನ ಹೃದಯ ಮಾಡಿಕೊಟ್ಟಿದ್ದು ಮೊದಲನೆಯದು. ಪುಸ್ತಕದ ಪಟ ನೋಡಿ ಪ್ಲಾಸ್ಟರಿನಲ್ಲಿ ಎರೆದು ಕೆಂಪು, ನೀಲಿ ಬಣ್ಣ ಹೊಡೆದು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ಹೆಡ್ ಮಾಸ್ತರು ತಿರುಗಿಸಿ ತಿರುಗಿಸಿ ನೋಡಿದರು.

"ಸಾಬ್ರೇ, ಬಣ್ಣ ಅದಲುಬದಲಾಗೈತಲ್ರೀ. ಇದನ್ನಿಟ್ಕೊಂಡ ಮನುಷ್ಯ ಬದುಕ್ತಾನೇನ್ರಿ?"

ಎದುರು ನಿಂತವನ ಬಲ ನಮಗೆ ಎಡಕ್ಕೆ ಕಾಣುತ್ತದೆ. ಪಟದಲ್ಲೂ ಹಾಗೇ ಬರೆದಿರುತ್ತಾರೆ. ನಾನು ಅದನ್ನು ನನ್ನ ಎಡವೇ ಎಂದುಕೊಂಡಿದ್ದೆ. ಅಲ್ಲೇ ಅಂಗಳದಲ್ಲಿ ಕೂತು ಮತ್ತೆ ಬಣ್ಣ ಹೊಡೆದೆ. ಮಾಸ್ತರು ಮಾತಾಡಿದ್ದಕ್ಕಿಂತ ಕಡಿಮೆ ಕೊಟ್ಟರು, ಚಹಾ ಎರಡು ಸಲ ಕೊಟ್ಟರು. ಆದರೆ ಆ ಒಂದು ಹೃದಯದಿಂದ ದಾವಣಗೆರೆಯ ಕಾಲೇಜುಗಳ ಬಾಗಿಲು ತೆರೆಯಿತು. ಕಣ್ಣು, ಕಿವಿ, ಜ್ವಾಲಾಮುಖಿ, ಕಪ್ಪೆಯ ಕರುಳು, ಏನು ಕೇಳಿದರೂ ಮಾಡಿದೆ. ಪ್ಲಾಸ್ಟರ್ ಹೋಗಿ ಫೈಬರ್ ಬಂತು, ಮಾದರಿ ಹಗುರಾಯಿತು, ಬೆಲೆ ಏರಿತು. "ದಾದಾಪೀರ್ ಕೊಟ್ಟ ಮಾಲು ವಾಪಸ್ ಬರಂಗಿಲ್ಲ" ಎಂಬ ಹೆಸರು ಬಂತು. ಆ ಹೆಸರಿಗೆ ನಾನು ನನ್ನ ಅಂಗಡಿಗಿಂತ ಹೆಚ್ಚು ಬೆಲೆ ಕಟ್ಟಿದ್ದೆ.

ನಿವೃತ್ತಿಯಾಗಿ, ಮನೆಯ ಹಿತ್ತಲ ತಗಡಿನ ಶೆಡ್ಡಿನಲ್ಲಿ ಇದೇ ಕೆಲಸ ಮಾಡಿಕೊಂಡಿದ್ದಾಗ ಶಕುಂತಲಾ ಮೇಡಂ ಬಂದರು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರು. ಅಲ್ಲಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಮನೆಯಿಂದ ಸ್ಕೂಟರಿನಲ್ಲೇ ಹರಿಹರದವರೆಗೆ ಬಂದಿದ್ದರು. ಹೆಲ್ಮೆಟ್ ತೆಗೆಯುವ ಮೊದಲೇ ಕೈಚೀಲದಿಂದ ಮಾತ್ರೆ ಡಬ್ಬಿ ತೆಗೆದರು. ಹತ್ತಿಯ ಮೇಲೆ ಆ ಹಲ್ಲಿತ್ತು. ಓದುವ ಕಾಲದಲ್ಲಿ ತೆಲಂಗಾಣದ ಆಸಿಫಾಬಾದ್ ಕಡೆ ಹೋಗಿದ್ದಾಗ, ಜಲ್ಲಿಯಂಥ ಮಣ್ಣನ್ನು ಜರಡಿ ಹಿಡಿದು ತೊಳೆದು ಹುಡುಕಿದ್ದಂತೆ. ಇನ್ನೆರಡು ಚೂರುಗಳೂ ಸಿಕ್ಕಿದ್ದವು, ಆದರೆ ಅವುಗಳ ಬುಡ ಮುರಿದುಹೋಗಿತ್ತು. ಪೂರ್ತಿ ಇದ್ದದ್ದು ಇದೊಂದೇ.

"ಇಗ್ಡಬಾಟಿಸ್ ಅಂತ ಇದರ ಹೆಸರು. ಆಫ್ರಿಕಾದ ಒಂದು ಬೆಟ್ಟದ ಹೆಸರಿಂದ ಬಂದಿದ್ದು," ಎಂದರು.

"ಹೆಸರು ಆಫ್ರಿಕಾದ್ದಾದ್ರೇನು ಮೇಡಂ, ಬಿಲ್ಲು ದಾವಣಗೆರೆದಲ್ವಾ," ಎಂದೆ.

ಅವರು ನಗಲಿಲ್ಲ. ಕಾಲೇಜಿನಲ್ಲಿ ಅವರ ವಿಭಾಗಕ್ಕೊಂದು ಮ್ಯೂಸಿಯಂ ಕೋಣೆ ಇತ್ತು. ಹಳೆಯ ಮೇಷ್ಟರುಗಳ ಕಾಲದಿಂದ ಕೂಡಿಟ್ಟ ಕಲ್ಲು, ಖನಿಜ, ಪಳೆಯುಳಿಕೆಗಳೆಲ್ಲ ಅಲ್ಲಿದ್ದವು. ಪ್ರಿನ್ಸಿಪಾಲರಿಗೆ ಆ ಕೋಣೆ ಕಂಪ್ಯೂಟರ್ ಲ್ಯಾಬಿಗೆ ಬೇಕಾಗಿತ್ತು. ಕೋಣೆ ಉಳಿಸಬೇಕೋ ಬೇಡವೋ ಎಂದು ನೋಡಲು ಸಮಿತಿ ಬರುವುದಿತ್ತು. ಅದರಲ್ಲಿ ಹೊರಗಿನ ತಜ್ಞರೊಬ್ಬರೂ ಇದ್ದರು.

"ಕೋಣೆ ಹೋದ್ರೆ ಕಲ್ಲೆಲ್ಲ ಗೋಣಿಚೀಲಕ್ಕೆ ಹೋಗ್ತವೆ ದಾದಾಪೀರ್ ಅವರೇ. ಆಮೇಲೆ ಯಾರೂ ಚೀಲ ಬಿಚ್ಚಲ್ಲ. ನೋಡಿದ ಕೂಡಲೇ ನಿಂತು ನೋಡಬೇಕು ಅನ್ನೋ ಒಂದು ವಸ್ತು ಬೇಕು ನನಗೆ."

ಅವರಿಗೆ ಬೇಕಿದ್ದದ್ದು ಎರಡು. ಒಂದು, ಮೀನಿನ ಇಡೀ ಮೈ. ಎರಡು, ಅಂಗೈಯಗಲದ ಹಲ್ಲುಗಳ ಒಂದು ಹಾಸು. ಈ ಮೀನಿನ ಹಲ್ಲು ನಮ್ಮ ಹಾಗೆ ಸಾಲಲ್ಲ. ಆರು ಮೂಲೆಯ ಹಲ್ಲುಗಳು ನೆಲಕ್ಕೆ ಬಿಲ್ಲೆ ಹಾಕಿದಂತೆ ಒಂದಕ್ಕೊಂದು ಕಚ್ಚಿ ಕೂತಿರುತ್ತವೆ. ಅದರಿಂದ ಚಿಪ್ಪು, ಶಂಖದ ಹುಳ ಅರೆದು ತಿನ್ನುತ್ತಿತ್ತಂತೆ.

ಚೌಕಾಶಿ ಶುರುವಾಯಿತು. ನಾನು ಇಪ್ಪತ್ತೆಂಟು ಹೇಳಿದೆ. ಮೇಡಂ ಕೈಯಲ್ಲಿ ಕಾಲೇಜು ಕೊಟ್ಟದ್ದಕ್ಕೆ ತಮ್ಮದೂ ಸೇರಿಸಿದರೆ ಹದಿನೆಂಟು ಆಗುತ್ತಿತ್ತು. ಎದ್ದು ಹೊರಟರು. ಎದ್ದ ಗಿರಾಕಿಯನ್ನು ಕೂಡಿಸುವುದು ನನಗೆ ಬರುತ್ತಿತ್ತು.

"ಕೂಡ್ರಿ ಮೇಡಂ. ಹಲ್ಲಿನ ಹಾಸು ಗಾಜಿನ ಪೆಟ್ಟಿಗೆಯೊಳಗೆ ಕೂಡ್ತೈತೆ. ಅದರ ತಳ ಯಾರು ನೋಡ್ತಾರ್ರೀ? ತಳದ ಕುಸುರಿಗೆ ಬಿಡಿ ತುಂಡಿನ ಅಚ್ಚು ಬೇಕು, ಅದೇ ದುಬಾರಿ. ತಳ ಸಾಪಾಟು ಬಿಟ್ಟರೆ ಹದಿನೆಂಟಕ್ಕೆ ಮಾಡ್ತೀನಿ."

"ತಳದಲ್ಲಿ ಏನೇನಿದೆ ಅಂತ ನೋಡಿ ಹೇಳ್ತಿದೀರಾ?"

"ನೋಡ್ತೀನಿ ಬಿಡ್ರಿ. ಎಷ್ಟು ಮಾಡಿಲ್ಲ ನಾವು."

ಮುಖ್ಯವಾದದ್ದನ್ನು ಬಿಡಲಾರನೆಂದು ಅವರು ನಂಬಿದರು. ಒಂದು ಮಾತು ಹೆಚ್ಚು ಕೇಳುವ ಪುರುಸೊತ್ತು ಅವರಿಗಿರಲಿಲ್ಲ, ಕಾಲೇಜಿನಲ್ಲಿ ಪ್ರವೇಶಾತಿಯ ಗಡಿಬಿಡಿ. ಗೆದ್ದೆ ಎಂದುಕೊಂಡು ನಾನು ಹೆಂಡತಿ ನೂರ್‌ಜಾನಳಿಗೆ ಚಹಾ ಮಾಡಲು ಹೇಳಿದೆ.

ಮೀನಿನ ಮೈ ಯಾರೂ ನೋಡಿಲ್ಲ. ಅದು ಅಂದಾಜಿನ ಕೆಲಸ ಎಂದು ಮೇಡಂ ಮೊದಲೇ ಹೇಳಿದ್ದರು. ಈಗ ಇರುವ ತೊರಕೆಯ ಮೈ ನೋಡಿ ಮಾಡಲು ಹೇಳಿ, ಪಕ್ಕದಲ್ಲಿಡುವ ಚೀಟಿಯಲ್ಲಿ 'ಮೈ ಊಹೆ, ಹಲ್ಲು ನಿಜ' ಎಂದು ತಾವೇ ಬರೆಯುವುದಾಗಿ ತಿಳಿಸಿದ್ದರು. ತುಂಗಭದ್ರೆಯಲ್ಲಿ ತೊರಕೆ ಎಲ್ಲಿಂದ ಬರಬೇಕು. ದಾವಣಗೆರೆ ಮಾರುಕಟ್ಟೆಯಲ್ಲಿ ಮಂಗಳೂರು ಕಡೆಯಿಂದ ಐಸ್ ಹಾಕಿ ತರುವ ಮೀನಿನಂಗಡಿಯ ಜಬ್ಬಾರನಿಗೆ ಹೇಳಿಟ್ಟೆ. ಮೂರನೇ ದಿನ ಒಂದು ಬಂತು. ನಾನು ಟೇಪು ತೆಗೆದು ಅಳೆಯತೊಡಗಿದೆ. ರೆಕ್ಕೆಯ ಅಗಲ, ಬೆನ್ನಿನ ಉಬ್ಬು, ಬಾಲದ ದಪ್ಪ. ಬಾಯಿ ಬಿಡಿಸಿ ಒಳಗೆ ಬೆರಳಿಟ್ಟೆ.

"ಏನ್ ಚಾಚಾ, ಮೀನು ತಗೊಳ್ತೀರೋ, ಇದಕ್ಕೆ ಅಂಗಿ ಹೊಲಿಸ್ತೀರೋ?"

"ಅಳತೆ ತಗೊಂಡು ಕೊಡ್ತೀನಿ. ಕಾಲು ಭಾಗ ರೇಟು ಹಾಕು."

"ಬಾಯಾಗೆ ಕೈ ಹಾಕಿದ ಮಾಲು ಯಾರು ಕೊಳ್ತಾರೆ? ಪೂರಾ ರೇಟು ಕೊಡ್ರಿ, ಮನೆಗೆ ಒಯ್ದು ಹಲ್ಲಾದ್ರೂ ತಿಕ್ಕ್ರಿ."

ಅರ್ಧಕ್ಕೆ ಒಪ್ಪಿಸಿ ಮನೆಗೆ ತಂದೆ. ಎರಡು ದಿನ ಅಳತೆ, ಆಮೇಲೆ ಸಾರು. ಮೈ ಚೆನ್ನಾಗಿ ಬಂತು. ಇವತ್ತಿಗೂ ಅದರ ಬಗ್ಗೆ ನನಗೆ ತಕರಾರಿಲ್ಲ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಅಸಲಿ ಹಲ್ಲಿನ ಅಚ್ಚನ್ನು ರಬ್ಬರಿನಲ್ಲಿ ತೆಗೆದು ಅದೇ ಅಳತೆಯ ಎರಡು ನಕಲು ಮಾಡಿಕೊಳ್ಳಬೇಕಿತ್ತು. ಅಸಲಿಯನ್ನು ಮತ್ತೆ ಮತ್ತೆ ಮುಟ್ಟದೆ, ನಕಲನ್ನು ನೋಡಿ ದೊಡ್ಡದು ಕೆತ್ತುವುದು ನನ್ನ ಪದ್ಧತಿ. ಅಸಲಿಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳ ಉಗುರಿನಿಂದ ಸುತ್ತ ಸವರಿದೆ. ಬುಡದಲ್ಲಿ ತಡೆಯಿತು. ತಡೆಯಿತು ಎಂದು ತಲೆಗೆ ತಿಳಿಯುವಷ್ಟರಲ್ಲಿ ಇನ್ನೊಂದು ಕೈ ಜೇಬಿಗೆ ಹೋಗಿ ಮೇಣ ತಂದಿತ್ತು. ಒತ್ತಿದೆ, ಸವರಿದೆ, ಬಟ್ಟೆಯಲ್ಲಿ ಉಜ್ಜಿದೆ. ಕಲ್ಲಾದ ಹಲ್ಲಿನ ಬಣ್ಣವೂ ಕಪ್ಪುಗಂದೇ. ಎಲ್ಲಿ ಹಲ್ಲು ಮುಗಿದು ಎಲ್ಲಿ ಮೇಣ ಶುರುವಾಯಿತೆಂದು ನನಗೇ ಕಾಣಲಿಲ್ಲ. ಒಳ್ಳೆಯ ಕೆಲಸವಾಯಿತೆಂದು ಖುಷಿಪಟ್ಟೆ. ಅಚ್ಚು ತೆಗೆದ ಮೇಲೆ ಮೇಣ ಬಿಡಿಸಬೇಕು ಎಂಬುದು ಹೊಳೆಯಲೇ ಇಲ್ಲ. ಮರದ ಅಚ್ಚಿನಲ್ಲಿ ತುಂಬಿದ ಮೇಣವನ್ನು ಯಾರೂ ಬಿಡಿಸುವುದಿಲ್ಲವಲ್ಲ.

ಹಲ್ಲನ್ನು ಡಬ್ಬಿಗೆ ಹಾಕಿ ಮೇಡಂಗೆ ಕೊಟ್ಟೆ. ನಕಲು ನೋಡಿ ದೊಡ್ಡ ಹಾಸು ಮಾಡಿದೆ. ನಕಲಿನಲ್ಲೇ ಗೀರು ಇಲ್ಲದ ಮೇಲೆ ಹಾಸಿನಲ್ಲಿ ಎಲ್ಲಿಂದ ಬರಬೇಕು. ಒಪ್ಪಿಸುವ ದಿನ ಮಾಲನ್ನೆಲ್ಲ ಚಾದರದಲ್ಲಿ ಸುತ್ತಿ ಹರಿಹರದಲ್ಲಿ ಬಸ್ಸು ಹತ್ತಿದೆ. ಮೀನಿನ ರೆಕ್ಕೆ ಎರಡು ಸೀಟು ಹಿಡಿಯಿತು.

"ಏನ್ ಸಾಬ್ರೇ ಇದು, ಫ್ಯಾನೋ?" ಎಂದ ಕಂಡಕ್ಟರ್.

"ಮೀನು."

"ಹೌದಾ. ಆರಾಮಾಗಿ ಕೂತೈತೆ. ಹಂಗಾದ್ರೆ ಅದಕ್ಕೂ ಒಂದು ಫುಲ್ ಟಿಕೆಟ್ ತಗೊಳ್ರಿ."

ಮೇಡಂ ಹಾಸಿನ ಮೇಲ್ಮೈ ನೋಡಿದರು. ಆರು ಮೂಲೆಗಳು ಒಂದಕ್ಕೊಂದು ಕೂತಿದ್ದ ಬಗೆ ನೋಡಿ ಅವರ ಮುಖ ಅರಳಿತು. ತಿರುಗಿಸಿ ನೋಡಲಿಲ್ಲ. ನಾನೂ ತಿರುಗಿಸಿ ತೋರಿಸಲಿಲ್ಲ. ಅಸಲಿ ಹಲ್ಲನ್ನೂ ಮೇಲ್ಮುಖ ಮಾಡಿ ಹತ್ತಿಯ ಮೇಲಿಟ್ಟರು.

ಸಮಿತಿ ಬಂದದ್ದು ಮಂಗಳವಾರ ಬೆಳಿಗ್ಗೆ. ಮಾದರಿ ಬಗ್ಗೆ ಏನಾದರೂ ಕೇಳಿದರೆ ಇರಲಿ ಎಂದು ಮೇಡಂ ನನ್ನನ್ನೂ ಕರೆಸಿದ್ದರು. ಹೊಸ ಅಂಗಿ ಹಾಕಿಕೊಂಡು ಕೋಣೆಯ ಮೂಲೆಯಲ್ಲಿ ನಿಂತಿದ್ದೆ. ತಜ್ಞರ ಹೆಸರು ಕುಲಕರ್ಣಿ ಸರ್, ಉತ್ತರ ಕರ್ನಾಟಕದ ಕಡೆಯ ನಿವೃತ್ತ ಪ್ರಾಧ್ಯಾಪಕರು. ಮೀನಿನ ಮೈಯನ್ನು ಒಮ್ಮೆ ನೋಡಿ "ಊಹಾ ಅಂತ ಬರದೀರಿ, ಭೇಷ್" ಎಂದರು. ಪ್ರಿನ್ಸಿಪಾಲರ ಮುಖ ಸಪ್ಪಗಾಯಿತು, ಮೇಡಂ ಮುಖ ಬೆಳಗಿತು. ಆಮೇಲೆ ಸರ್ ಪೆಟ್ಟಿಗೆ ತೆಗೆಸಿ, ಅಸಲಿ ಹಲ್ಲನ್ನು ಚಿಮಟದಲ್ಲಿ ಎತ್ತಿ, ಬುಡ ಮೇಲೆ ಮಾಡಿ ಭೂತಗನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು. ದೊಡ್ಡ ಹಾಸನ್ನೂ ಮಗುಚಿ ನೋಡಿದರು.

"ಮೇಡಂ, ಇದು ಇಗ್ಡಬಾಟಿಸ್ ಅಲ್ಲ."

ಹಲ್ಲನ್ನು ಚಿಮಟದ ಸಮೇತ ಮೇಡಂ ಮುಂದೆ ಹಿಡಿದರು.

"ಈ ಜಾತಿ ಮೀನಿನ ಹಲ್ಲಿನ ಬುಡ ಹಿಂಗ ಸಾಪಾಟ ಇರಂಗಿಲ್ಲ. ಬಾಚಣಿಕಿ ಹಂಗ ಗೀರು ಇರಬೇಕು. ಅದ ಗುರುತು. ಇದು ಬ್ಯಾರೆ ಯಾವುದೋ ಎಲುಬಿನ ಮೀನಿಂದು ಇರಬೇಕು. ಹೆಸರು ಹಚ್ಚೂ ಮೊದಲ ಯಾರಿಗಾದ್ರೂ ತೋರಸಬೇಕಿತ್ತು ನೀವು."

ಪ್ರಿನ್ಸಿಪಾಲರು ಫೈಲು ತೆರೆದರು. "ಅಂದ್ರೆ ಇಲ್ಲಿರೋ ಬೇರೆ ಚೀಟಿಗಳ ಮೇಲೂ ಅನುಮಾನ ಪಡಬೇಕಾಗ್ತದೆ ಅಲ್ವಾ ಸರ್?" ಎಂದರು. ಒಂದು ಹಲ್ಲಿನ ಜೊತೆ ಇಡೀ ಕೋಣೆ ಹೋಗುವುದು ನನ್ನ ಕಣ್ಣಿಗೇ ಕಂಡಿತು.

ಗೀರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಹೆಬ್ಬೆರಳಿಗೆ ಎಲ್ಲ ನೆನಪಾಗಿತ್ತು. ನಿಜ ಹೇಳುತ್ತೇನೆ, ನನ್ನ ಮೊದಲ ಯೋಚನೆ ಸುಮ್ಮನಿರುವುದೇ. ಮೇಣ ಇದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ದಾದಾಪೀರನ ಮಾಲು ಕೆಟ್ಟಿತು ಎಂಬ ಮಾತು ಒಂದು ಕಾಲೇಜಿಂದ ಇನ್ನೊಂದಕ್ಕೆ ಹೋಗಲು ಒಂದು ದಿನ ಸಾಕು. ಅಷ್ಟರಲ್ಲಿ ಮೇಡಂ ತಗ್ಗಿದ ದನಿಯಲ್ಲಿ ಹೇಳಿದರು.

"ನಾನೇ ಗುರುತು ತಪ್ಪಾಗಿ ಹಿಡಿದಿರಬಹುದು ಸರ್. ಆಗ ವಿದ್ಯಾರ್ಥಿನಿ, ಸಣ್ಣವಳು."

ತಾವು ಕಣ್ಣಾರೆ ನೋಡಿದ ಗೀರನ್ನು ತಾವೇ ಅನುಮಾನಿಸತೊಡಗಿದ್ದರು. ಅದನ್ನು ಕೇಳಿಕೊಂಡು ನಿಲ್ಲಲಾಗಲಿಲ್ಲ. ನಾನು ಮುಂದೆ ಬಂದು ಶುರು ಮಾಡಿದೆ.

"ಸರ್, ನಮ್ಮ ಫೌಂಡ್ರಿ ಕೆಲಸದಾಗೆ ಏನಂದ್ರೆ, ಮರಳಿನಾಗೆ ಅಚ್ಚು ಇಡೋವಾಗ, ನಮಗೆ ಕಲಿಸಿದೋರು ಹೆಂಗೆ ಕಲಿಸಿದ್ರಪ್ಪ ಅಂದ್ರೆ..."

ಕುಲಕರ್ಣಿ ಸರ್ ಪೆನ್ನಿಗೆ ಮುಚ್ಚಳ ಹಾಕಿದರು. "ನಿಮ್ಮ ಫೌಂಡ್ರಿ ಕಥಿ ಆಮ್ಯಾಲೆ ಕೇಳ್ತೀನ್ರಿ ಯಜಮಾನ್ರ," ಎಂದು ಎದ್ದರು. ಪ್ರಿನ್ಸಿಪಾಲರು ಬಾಗಿಲು ಹಿಡಿದು ನಿಂತರು. ಸಮಿತಿಯ ಅರ್ಧ ಜನ ಹೊರಗೆ ಹೋಗಿಯೂ ಆಯಿತು.

"ಗೀರು ಮುಚ್ಚಿದೋನು ನಾನು," ಎಂದೆ.

ಸರ್ ನಿಂತರು.

"ಮೇಣ ತುಂಬೀನಿ. ಮೇಡಂಗೆ ಗೊತ್ತಿಲ್ಲ. ಗೀರು ಒಳಗೈತೆ. ಈಗಲೇ ತೆಗೆದು ತೋರಿಸ್ತೀನಿ."

"ಅಸಲಿ ಹಲ್ಲಿಗೆ?"

"ಅಸಲಿಗೇ."

ಅವರು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಪೂರ್ತಿ ಕೇಳಿಸಿಕೊಂಡೆ. ಮೇಡಂ ಬೈಯಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಬಿಸಿ ನೀರಿಗೆ ಹಾಕಿದರೆ ಮೇಣ ಕರಗುತ್ತದೆ, ಆದರೆ ಕಲ್ಲಾದ ಹಲ್ಲು ಬಿರುಕು ಬಿಡಬಹುದು. ಸೂಜಿಯಲ್ಲಿ ಕೆರೆದರೆ ಗೀರಿನ ಗೋಡೆ ಮುರಿಯಬಹುದು. ಪಕ್ಕದ ಪ್ರಾಣಿಶಾಸ್ತ್ರ ಲ್ಯಾಬಿನಿಂದ ಝೈಲೀನ್ ತರಿಸಿದೆವು. ಸ್ಲೈಡ್ ಮಾಡುವಾಗ ಮೇಣ ಬಿಡಿಸಲು ಅವರು ಬಳಸುವ ದ್ರವ ಅದು. ಕಿಟಕಿ ತೆಗೆಸಿ, ಅತಿ ಸಣ್ಣ ಕುಂಚ ಅದ್ದಿ, ಒಂದೊಂದೇ ಹನಿ ಹಾಕಿ ಸವರಿದೆ. ಕಪ್ಪು ನೀರು ಹತ್ತಿಗೆ ಇಳಿಯತೊಡಗಿತು. ನನ್ನ ತಲೆಯ ಮೇಲೆ ಐದಾರು ತಲೆಗಳು ಬಾಗಿದ್ದವು. ಬಹಳ ಹೊತ್ತಿನ ಮೇಲೆ ಕೂದಲೆಳೆಯಂಥ ಒಂದು ಗೀರು ಕಂಡಿತು. ಪಕ್ಕದಲ್ಲಿ ಇನ್ನೊಂದು. ಕುಲಕರ್ಣಿ ಸರ್ ಕುರ್ಚಿ ಎಳೆದುಕೊಂಡು ಕೂತರು. ಪೆನ್ನಿನ ಮುಚ್ಚಳ ತೆಗೆದು ಕಾಗದದ ಮೇಲೆ ಗೀರಿಗೊಂದರಂತೆ ಕಡ್ಡಿ ಎಳೆಯುತ್ತಾ ಹೋದರು. ಏಳು ಕಡ್ಡಿಯಾದವು.

"ಬರ್ರಿ ಮೇಡಂ, ನೋಡ್ರಿ. ನಿಮ್ಮ ಗುರುತು ತಪ್ಪಿಲ್ಲ," ಎಂದರು.

ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವರ ಬೆರಳು ದೊಡ್ಡ ಹಾಸಿನ ಕಡೆ ತಿರುಗಿತು.

"ಹಲ್ಲು ಖರೆ ಆತು. ಇದು ಸುಳ್ಳೇ ಉಳೀತು. ಹುಡುಗ್ರು ಸಣ್ಣ ಹಲ್ಲು ನೋಡಂಗಿಲ್ಲ, ಇದನ್ನ ನೋಡ್ತಾರ. ತಪ್ಪು ಕಲಸೂ ಕೋಣಿ ಇಟಗೊಂಡು ಏನ್ ಮಾಡೂದು? ಶುಕ್ರವಾರ ಇದರ ಬುಡ ಸರಿ ಮಾಡಿ ತೋರಸ್ರಿ. ಆಮ್ಯಾಲೆ ನಾ ರಿಪೋರ್ಟ್ ಬರೀತೀನಿ."

"ಶುಕ್ರವಾರ ಆಗಲ್ಲ ಸರ್. ಸೋಮವಾರ ಕೊಡ್ರಿ."

"ಇಷ್ಟಾದ ಮ್ಯಾಲೂ ಚೌಕಾಶಿ ಏನ್ರಿ?"

"ಫೈಬರ್ ಒಣಗೋಕೆ ಅದರದೇ ಟೈಮ್ ಬೇಕು ಸರ್. ಅದು ನಿಮ್ಮ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ಶುಕ್ರವಾರ ಅಂತ ಒಪ್ಕೊಂಡು ಶನಿವಾರ ಕಾರಣ ಹೇಳೋನಲ್ಲ ನಾನು."

ಕುಲಕರ್ಣಿ ಸರ್ ದಾವಣಗೆರೆಯ ತಮ್ಮ ಮಗಳ ಮನೆಯಲ್ಲಿ ಸೋಮವಾರದವರೆಗೆ ಇರುವವರಿದ್ದರು. ಒಪ್ಪಿದರು. ಪ್ರಿನ್ಸಿಪಾಲರು ಫೈಲು ಮುಚ್ಚಿದರು, ದಾರ ಮಾತ್ರ ಕಟ್ಟಲಿಲ್ಲ.

ಹಾಸನ್ನು ಅದೇ ಬಸ್ಸಿನಲ್ಲಿ ವಾಪಸ್ ತಂದೆ. ಮೇಡಂ ಕೈಯಲ್ಲಿ ಇನ್ನೊಂದು ರೂಪಾಯಿ ಇರಲಿಲ್ಲ, ನಾನೂ ಕೇಳಲಿಲ್ಲ. ಬುಧವಾರ ಬೆಳಿಗ್ಗೆ ಹಾಸನ್ನು ಬೆಂಚಿಗೆ ಕಟ್ಟಿ ಗರಗಸ ಹಚ್ಚಿದಾಗ ನೂರ್‌ಜಾನ್ ಅಡುಗೆ ಬಿಟ್ಟು ಓಡಿ ಬಂದಳು.

"ಬಣ್ಣ ಹೊಡೆದ ಮಾಲಿಗೆ ಗರಗಸ ಹಾಕ್ತಿದೀರಲ್ರೀ, ತಲೆ ನೆಟ್ಟಗೈತಾ?"

"ತಲೆ ನೆಟ್ಟಗೈತೆ. ಬುಡ ನೆಟ್ಟಗಿಲ್ಲ."

ಬುಡವನ್ನೆಲ್ಲ ಕೊಯ್ದು ತೆಗೆದೆ. ಇನ್ನು ಗೀರಿರುವ ಹೊಸ ಬುಡ ಮಾಡಬೇಕು. ಗೀರಿನೊಳಗೆ ಅಚ್ಚು ಸಿಕ್ಕಿಕೊಳ್ಳುತ್ತದೆ, ಸರಿ. ಅದಕ್ಕೆ ದಾರಿ ಇಲ್ಲವೆಂದಲ್ಲ. ಗೀರಿಗೊಂದರಂತೆ ಬಿಡಿ ತುಂಡು ಮಾಡಿ, ಎರಕ ಗಟ್ಟಿಯಾದ ಮೇಲೆ ಒಂದೊಂದನ್ನೇ ಪಕ್ಕಕ್ಕೆ ಎಳೆದು ತೆಗೆಯಬೇಕು. ಇದನ್ನೂ ನಾಗಪ್ಪಾಚಾರ್ರೇ ಕಲಿಸಿದ್ದು. ಸಮಯ ತಿನ್ನುತ್ತದೆ ಎಂದು ಮೇಣದ ದಾರಿ ಹಿಡಿದವನು ನಾನು. ಮೇಡಂ ಹಲ್ಲಿನ ಡಬ್ಬಿಯನ್ನು ಇನ್ನೊಮ್ಮೆ ನನ್ನ ಕೈಗೆ ಕೊಡಲಿಲ್ಲ. ಅದು ನ್ಯಾಯವೇ. ಬುಡವನ್ನು ಎಲ್ಲ ಕಡೆಯಿಂದ ಫೋಟೋ ತೆಗೆದು ಕಳಿಸಿದರು. ಅದನ್ನು ನೋಡಿ ಸಾಗುವಾನಿಯಲ್ಲಿ ತುಂಡುಗಳನ್ನು ಕೆತ್ತಿದೆ. ಗೀರುಗಳು ಒಂದೇ ಅಗಲ ಇರಲಿಲ್ಲ, ನಡುವಿನವು ಅಗಲ, ಅಂಚಿನವು ಸಣ್ಣ. ಇದ್ದಂತೆಯೇ ಕೆತ್ತಿದೆ. ಈ ಸಲ ಕೈಯನ್ನು ನಂಬಲಿಲ್ಲ, ಅಂಗಿ ಬಿಚ್ಚಿ ಜೇಬಿನ ಮೇಣದ ಸಮೇತ ಗೂಟಕ್ಕೆ ಹಾಕಿ ಬನಿಯನ್ನಿನಲ್ಲೇ ಕೂತೆ.

ಗುರುವಾರ ಎರೆದ ಮೊದಲ ಬುಡವನ್ನು ಆತುರಪಟ್ಟು ಬೇಗ ಬಿಡಿಸಿದೆ. ಇನ್ನೂ ಹಸಿ. ಎರಡು ಗೀರಿನ ಗೋಡೆ ಕಿತ್ತು ಬಂದವು. ಬಿಸಾಕಿ ಮತ್ತೆ ಎರೆದೆ. ಶನಿವಾರದವರೆಗೆ ಅದನ್ನು ಮುಟ್ಟಬಾರದೆಂದು ನೂರ್‌ಜಾನ್ ಶೆಡ್ಡಿನ ಬೀಗದ ಕೈ ತನ್ನ ಸೆರಗಿಗೆ ಕಟ್ಟಿಕೊಂಡಳು. ಕೇಳಿದಾಗಲೆಲ್ಲ "ಒಣಗಲಿ" ಎಂದಷ್ಟೇ ಹೇಳಿದಳು. ಶನಿವಾರ ಬಿಡಿಸಿದರೆ ಬಿಡಿ ತುಂಡುಗಳು ಸಲೀಸಾಗಿ ಬಂದವು. ಭಾನುವಾರ ಜೋಡಿಸಿ, ಉಪ್ಪುಕಾಗದ ಹಾಕಿ ಉಜ್ಜಿ, ಬಣ್ಣ ಹೊಡೆದೆ. ಸೋಮವಾರ ಅಮಾವಾಸ್ಯೆ, ಉಕ್ಕಡಗಾತ್ರಿಯ ಗುಡಿಗೆ ಹೋಗಿಬರುವವರಿಂದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಗೂಡ್ಸ್ ಆಟೋ ಮಾಡಿಕೊಂಡು ಹಾಸನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ.

ಕುಲಕರ್ಣಿ ಸರ್ ಅಸಲಿ ಹಲ್ಲನ್ನು ಒಂದು ಕೈಯಲ್ಲಿ ಹಿಡಿದು ಹಾಸಿನ ಒಂದೊಂದೇ ಗೀರನ್ನು ಹೋಲಿಸಿದರು. ಒಂದು ಕಡೆ ಬೆರಳಿಟ್ಟು ತಲೆಯೆತ್ತಿದರು.

"ಇದೊಂದು ಗೀರು ಅರ್ಧಕ್ಕ ನಿಂತೈತಲ್ಲ?"

"ಅಸಲಿನಾಗೂ ಅದು ಅರ್ಧಕ್ಕೇ ನಿಂತೈತೆ ಸರ್. ಫೋಟೋದಾಗೆ ನೋಡ್ರಿ."

ಭೂತಗನ್ನಡಿ ಹಿಡಿದು ನೋಡಿದರು. ಹೌದೆಂದು ತಲೆಯಾಡಿಸಿದರು. ಆಮೇಲೆ, "ಕೊಯ್ದು ತಗದ ಹಳೀ ಬುಡ ಎಲ್ಲೈತಿ?" ಎಂದು ಕೇಳಿದರು. ಚೀಲದಲ್ಲೇ ಇತ್ತು, ತೆಗೆದುಕೊಟ್ಟೆ.

"ಇದನ್ನೂ ಬಾಜೂಕ ಇಡ್ರಿ. ಇಗ್ಡಬಾಟಿಸ್ ಬುಡ ಹೆಂಗಿರತೈತಿ, ಹೆಂಗಿರಂಗಿಲ್ಲ, ಎರಡೂ ಕಾಣ್ಲಿ. ಹುಡುಗ್ರಿಗೆ ಇದಕಿಂತ ಚಲೋ ಪಾಠ ಯಾವುದು?" ಪ್ರಿನ್ಸಿಪಾಲರ ಕಡೆ ತಿರುಗಿದರು. "ಈ ಕೋಣಿ ಮುಟ್ಟಬ್ಯಾಡ್ರಿ ಅಂತ ಬರೀತೀನಿ."

ಬರೆದರು. ಕಂಪ್ಯೂಟರ್ ಲ್ಯಾಬು ಮಹಡಿಯ ಮೇಲೆ ಹೋಯಿತು. ಮೇಡಂ ಚೀಟಿ ಬರೆಯಲು ಕೂತು, ಸರಿಯಾದ ಹಾಸಿನ ಕೆಳಗೆ ನಿಮ್ಮ ಹೆಸರು ಹಾಕಲೇ ಎಂದು ಕೇಳಿದರು.

"ಹಾಕೋದಾದ್ರೆ ಎರಡರ ಕೆಳಗೂ ಹಾಕ್ರಿ ಮೇಡಂ. ಎರಡೂ ನಾನೇ ಮಾಡಿದ್ದು."

ಅವರು ಹಾಗೇ ಬರೆದರು. ಆ ಚೀಟಿ ನೋಡಿ ಆಮೇಲೆ ಎರಡು ಕಾಲೇಜುಗಳವರು ಕೆಲಸ ಕೊಟ್ಟರು. ಕೊಡದೆ ಹೋದವರೂ ಇದ್ದಾರೆ. ಈಗ ಕೈ ನಡುಗುತ್ತದೆ, ಉಳಿ ಹಿಡಿಯುವುದು ಬಿಟ್ಟಿದ್ದೇನೆ.

ಈ ಕೆಲಸಕ್ಕೆ ಬರುವ ನಿಮಗೆ ನಾಲ್ಕು ಮಾತು. ಬೆಲೆ ಮಾತಾಡುವ ಮೊದಲು ಗಿರಾಕಿಯನ್ನು ಒಂದು ಪ್ರಶ್ನೆ ಕೇಳಿ: ಈ ವಸ್ತುವನ್ನು ನೀವು ಯಾವುದರಿಂದ ಗುರುತು ಹಿಡಿಯುತ್ತೀರಿ? ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಒಂದು ಪೈಸೆಯ ಕೆಲಸವನ್ನೂ ಕಡಿತ ಮಾಡಬೇಡಿ. ಬೇಕಾದರೆ ಬಾಲದಲ್ಲಿ ಮಾಡಿ, ಬಣ್ಣದಲ್ಲಿ ಮಾಡಿ. ಅಸಲಿ ವಸ್ತು ಕೈಗೆ ಬಂದ ಕೂಡಲೇ ಗಿರಾಕಿಯ ಎದುರಿಗೇ ಆರೂ ಮಗ್ಗುಲ ಫೋಟೋ ತೆಗೆದುಕೊಳ್ಳಿ. ಏನಾದರೂ ತುಂಬಲೇಬೇಕಾದರೆ ಹಸಿರೋ ನೇರಳೆಯೋ, ಕಣ್ಣಿಗೆ ಹೊಡೆಯುವ ಬಣ್ಣದ್ದನ್ನೇ ತುಂಬಿ. ಈಗ ನೀವೆಲ್ಲ ವಸ್ತುವನ್ನು ಕಂಪ್ಯೂಟರಿಗೆ ಏರಿಸಿ ಪ್ರಿಂಟರಿನಲ್ಲಿ ತೆಗೆಯುತ್ತೀರಿ. ನೋಡಿದ್ದೇನೆ, ಒಳ್ಳೆಯ ಯಂತ್ರ. ಆದರೆ ಅದೂ ತೂತು, ಸೀಳು ಕಂಡರೆ ಕೇಳದೆ ಮುಚ್ಚುತ್ತದೆ. ಪ್ರಿಂಟಿಗೆ ಕೊಡುವ ಮುಂಚೆ ಫೋಟೋ ಪಕ್ಕದಲ್ಲಿಟ್ಟು ಗೀರು ಎಣಿಸಿ.

ತಪ್ಪಂತೂ ಆಗಿಯೇ ಆಗುತ್ತದೆ. ಆದ ದಿನ ಮೊದಲ ವಾಕ್ಯದಲ್ಲೇ ತಪ್ಪು ಹೇಳಿಬಿಡಿ, ಕಾರಣ ಆಮೇಲೆ. ಕಾರಣದಿಂದ ಶುರು ಮಾಡಿದರೆ ಕೇಳುವವರು ಎದ್ದು ಹೋಗಿರುತ್ತಾರೆ, ನಿಮ್ಮ ತಪ್ಪಿಗೆ ಇನ್ಯಾರೋ ತಲೆ ತಗ್ಗಿಸಿ ನಿಂತಿರುತ್ತಾರೆ. ಹೇಳಿ ಮುಗಿದ ಮೇಲೆ, ಸರಿಪಡಿಸಲು ಎಷ್ಟು ದಿನ ಬೇಕೆಂದು ಕೇಳಿದರೆ ನಾಚಿಕೆ ಬಿಟ್ಟು ಎರಡು ದಿನ ಹೆಚ್ಚಿಗೇ ಕೇಳಿ. ಮೊದಲನೆಯ ಎರಕ ಮುರಿಯುತ್ತದೆ.